ಕರೆದರೆ ಬರುವ ಕಾಡುಚಿರತೆ

ಕಾಡಿನ ಚಿರತೆ ಹೆಸರು ಹಿಡಿದು ಕರೆದರೆ ಬರುವುದಿಲ್ಲ. ಇದು ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವರು ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗೆ ಅರ್ಜಿ ತುಂಬುತ್ತಾರೆ.

ಹಲ್ಲಿನ ಆಸ್ಪತ್ರೆಯ ಮುಂಗೋಣೆ. ಮಧ್ಯಾಹ್ನದ ಬಿಡುವು. ಡಾಕ್ಟರು ಅಂಥದೊಂದು ಅರ್ಜಿ ಹಿಡಿದು ನಿಂತಿದ್ದಾರೆ; ರೋಗಿಗಳ ಚೀಟಿ ಬರೆಯುವ ಮೇಜಿನ ಹಿಂದೆ ಅವರ ಹೆಂಡತಿ. ಸಂಜೆ ಐದಕ್ಕೆ ಗಡುವು. ಸಾಕ್ಷಿಯ ಸಹಿಯೊಂದು ಬಾಕಿ.

ಡಾಕ್ಟರು: ಒಂದು ಸಹಿ ಕಣೇ! ಆಸ್ತಿ ಬರ್ಕೊಡು ಅಂದ್ನಾ?

ಹೆಂಡತಿ: ಆಸ್ತಿ ಆಗಿದ್ರೆ ಕಣ್ಣು ಮುಚ್ಕೊಂಡು ಹಾಕ್ತಿದ್ದೆ. ಇಲ್ಲಿ 'ಪ್ರಾಣಿ ಸ್ವತಂತ್ರವಾಗಿತ್ತು, ಕಣ್ಣಾರೆ ಕಂಡಿದ್ದೇನೆ' ಅಂತಿದೆ.

ಡಾಕ್ಟರು: ಕಂಡಿಲ್ವಾ? ನೀನೂ ಪಕ್ಕದಲ್ಲೇ ಇದ್ದೆ.

ಹೆಂಡತಿ: ಇದ್ದೆ. ಕೋಳಿ ತುಂಡಿನ ಬುಟ್ಟಿ ಹಿಡ್ಕೊಂಡು. ಕಬ್ಬಿಣದ ಬೇಲಿಯೊಳಗೆ ಅದನ್ನ ಸಾಕಿದವನು "ಚಿನ್ನೂ, ಬಾರೇ" ಅಂದ, ಬಂತು. "ಕೂತ್ಕೋ" ಅಂದ, ಕೂತ್ಕೊಂತು. ನಮ್ಮ ಮಗ ಹುಟ್ಟಿದಾಗಿಂದ ಇಷ್ಟು ಮಾತು ಕೇಳಿಲ್ಲ.

ಡಾಕ್ಟರು: ಫೋಟೋದಲ್ಲಿ ಬೇಲಿ ಬಿದ್ದಿದ್ಯಾ?

ಹೆಂಡತಿ: ನಾನೂ ಬಿದ್ದಿಲ್ಲ. ಹಾಗಂತ ನಾನು ಇರ್ಲೇ ಇಲ್ವಾ?

ಡಾಕ್ಟರು: ಇದು ಕಲೆ. ನಿಂಗೆ ತಿಳಿಯಲ್ಲ.

ಹೆಂಡತಿ (ಓದುತ್ತ): 'ಹನ್ನೊಂದು ದಿನ ಪೊದೆಯಲ್ಲಿ ಅಡಗಿ ಕಾದೆ.' ರೀ, ನಾವು ಚಿರತೇನ ಬಾಡಿಗೆಗೆ ತಗೊಂಡಿದ್ದೇ ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಲೆನ್ಸ್ ಮುಚ್ಚಳ ಹುಡುಕಿದ್ರಿ. ಅದು ಲೆನ್ಸ್ ಮೇಲೇ ಇತ್ತು.

ಡಾಕ್ಟರು: ಎಲ್ಲರೂ ಹೀಗೇ ಮಾಡೋದು!

ಹೆಂಡತಿ: ಎಲ್ಲರ ಹೆಂಡ್ತೀರೂ ಸಹಿ ಹಾಕ್ತಿರಬೇಕು, ಅದಕ್ಕೇ.

ಡಾಕ್ಟರು: ಆ ಚಿರತೆಗೇನು ಕಡಿಮೆ ಅಲ್ಲಿ? ಹೊತ್ತುಹೊತ್ತಿಗೆ ಊಟ, ನೆರಳು. ನನಗಿಂತ ಸುಖವಾಗಿದೆ.

ಹೆಂಡತಿ ಕಂಪ್ಯೂಟರಿನಲ್ಲಿ ಏನನ್ನೋ ಹಿಗ್ಗಿಸಿ, ಪರದೆಯನ್ನು ಗಂಡನ ಕಡೆ ತಿರುಗಿಸಿದಳು. ಪರದೆಯ ತುಂಬ ಒಂದೇ ಹಲ್ಲಿನ ಕಂದು ಬಣ್ಣದ ಚೂರು.

ಹೆಂಡತಿ: ಬಿಡಿ ಅದನ್ನ. ಈ ಹಲ್ಲಿಗೆ ಏನಾಗಿದೆ, ಹೇಳಿ.

ಡಾಕ್ಟರು (ಕನ್ನಡಕ ಏರಿಸಿ): ಅಯ್ಯೋ! ಹಿಂಬದಿ ಪೂರ್ತಿ ಸವೆದಿದೆ. ಕಬ್ಬಿಣದಂಥದ್ದನ್ನ ದಿನಾ ಕಚ್ಚಿ ಎಳೆದಿರಬೇಕು, ವರ್ಷಗಟ್ಟಲೆ. ನರ ತೆರ್ಕೊಂಡಿದೆ. ನೀರು ಕುಡಿದ್ರೂ ಜೀವ ಹೋಗೋ ನೋವು. ಇಷ್ಟು ದಿನ ಹೇಗೆ ಸುಮ್ನಿದ್ರು? ಯಾರೇ ಇವರು?

ಹೆಂಡತಿ: ಚಿನ್ನು. ನೀವೇ ತೆಗೆದ ಫೋಟೋ.

ದಿನವೂ ಊರವರ ಬಾಯಿ ತೆರೆಸುವ ಡಾಕ್ಟರ ಬಾಯಿ ತಾನಾಗಿ ತೆರೆದುಕೊಂಡಿತು. ಹೆಂಡತಿ ಅರ್ಜಿ ಎಳೆದುಕೊಂಡು, ಅಚ್ಚಾದ ಸಾಲು ಹೊಡೆದುಹಾಕಿ, ಕೆಳಗೆ ಬರೆದು ಓದಿದಳು.

ಹೆಂಡತಿ: 'ಪ್ರಾಣಿ ಬೇಲಿಯೊಳಗಿತ್ತು, ಕಣ್ಣಾರೆ ಕಂಡಿದ್ದೇನೆ. ಹಲ್ಲು ಪರೀಕ್ಷಿಸಿ ದೃಢಪಡಿಸಿದವರು: ಸ್ವತಃ ಸ್ಪರ್ಧಿ.' ತಗೊಳ್ಳಿ, ಸಹಿ ಹಾಕಿದೆ. ಐದರೊಳಗೆ ನಾನೇ ತಲುಪಿಸ್ತೀನಿ.

ಡಾಕ್ಟರು: ಮಾನ ಹೋಗತ್ತೆ ಕಣೇ!

ಹೆಂಡತಿ: ಕೋಳಿ ತುಂಡು ತೋರಿಸಿ, ಹೆಸರು ಹಿಡಿದು ಕರೀರಿ. ಬಂದ್ರೂ ಬರತ್ತೆ.

ಓದುಗರೇ, ಬಹುಮಾನದ ಚಿತ್ರ ಕಂಡು 'ಆಹಾ' ಎಂದು ಬಾಯಿ ತೆರೆಯುವ ಮುನ್ನ ಆ ಪ್ರಾಣಿಯ ಬಾಯಿ ನೋಡಿ. ಬೇಲಿ ಎಲ್ಲಿತ್ತು ಎಂದು ಕೇಳಿ. ಉತ್ತರ ಬರುವ ತನಕ ಚಪ್ಪಾಳೆ ತಟ್ಟಬೇಡಿ.