ನಡುಮನೆಗೆ ಸಮುದ್ರ ಬಂದದ್ದು

ಯಜಮಾನರು ಇದ್ದ ಕೊನೆಯ ಭಾನುವಾರ ನಾನು ಅವರಿಗೆ ಚೆನ್ನಾಗಿ ಬೈದೆ. ಚಾಮರಾಜಪೇಟೆಯ ನಮ್ಮ ನಡುಮನೆಗೆ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ತಂದು ನಿಲ್ಲಿಸಿದ್ದರು. ಅದರಲ್ಲಿ ಹವಳ ಬೆಳೆಸುತ್ತಾರಂತೆ, ಸಮುದ್ರದ ಮೀನು ಬಿಡುತ್ತಾರಂತೆ! ಅದರ ಕೆಳಗೆ ಇನ್ನೊಂದು ಸಣ್ಣ ತೊಟ್ಟಿ. ಮೇಲಿನ ನೀರು ಒಂದು ಪೈಪಿನಲ್ಲಿ ಕೆಳಗಿಳಿದು ಶುದ್ಧವಾಗಬೇಕು, ಮೋಟಾರು ಅದನ್ನು ಇನ್ನೊಂದು ಪೈಪಿನಲ್ಲಿ ಮೇಲೆ ಹತ್ತಿಸಬೇಕು.

"ಸಮುದ್ರನೇ ತರ್ತಿದೀನಿ ಕಣೇ!" ಅಂದರು.

"ಸಮುದ್ರ ಆಮೇಲೆ ತನ್ನಿ. ಸಾರಿಗೆ ಕೊತ್ತಂಬರಿ ಇಲ್ಲ, ಅದು ಮೊದ್ಲು ತನ್ನಿ."

ನಕ್ಕರು. ತಂದುಕೊಟ್ಟರು. ಸೋಮವಾರ ತಮ್ಮ ಅಂಗಡಿಯ ಬಾಗಿಲು ಎತ್ತುವಾಗ ಎದೆ ಹಿಡಿದು ಕೂತವರು ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಮೈದುನ ಕೈಲಾಸ ಬಂದ.

"ಅತ್ತಿಗೆ, ಈ ತೊಟ್ಟಿ ನೋಡಿದ್ರೆ ಅಣ್ಣನ ನೆನಪು ಬರತ್ತೆ. ಟೆಂಪೋ ತಂದು ಎತ್ತಿಸ್ಬಿಡ್ತೀನಿ."

"ಬರ್ಲಿ ಬಿಡು ನೆನಪು. ಪೈಪು ನಾನೇ ಜೋಡಿಸ್ತೀನಿ."

"ನೀವಾ?"

"ಯಾಕೆ? ಈ ಮನೆ ನಲ್ಲಿ, ಸಂಪು, ಟ್ಯಾಂಕು ಇಷ್ಟು ವರ್ಷ ನೋಡ್ಕೊಂಡಿದ್ದು ನಿಮ್ಮಣ್ಣನಾ? ನೀರಿನ ವಿಷಯ ನಂಗೆ ಹೇಳ್ಬೇಡ!"

"ಸರಿ. ಒಂದು ತೊಟ್ಟು ಸೋರಿದ್ರೂ ಟೆಂಪೋ ಬರತ್ತೆ."

"ಬರ್ಲಿ!"

ಪೈಪು ಕೊಯ್ದೆ. ಅಂಟು ಹಚ್ಚಿದೆ. ಪೈಪು ತಿರುಗಿಸುವ ಮೊಣಕೈಯಂಥ ಒಂದು ಎಲ್ಬೋ ಬಂದು ನನ್ನ ಸೆರಗಿಗೇ ಅಂಟಿಕೊಂಡಿತು! ಎಳೆದೆ, ಬರಲಿಲ್ಲ. ಸೆರಗನ್ನೇ ಕತ್ತರಿಸಿದೆ. ಇವತ್ತಿಗೂ ಆ ಪೈಪು ಜರಿ ಅಂಚು ಉಟ್ಟುಕೊಂಡಿದೆ.

ಕಾವೇರಿ ನೀರು ಬಿಡುವ ದಿನ ಬಂತು. ಬೆಂಗಳೂರಿನಲ್ಲಿ ಸಂಸಾರ ಮಾಡಿದವಳು ನೀರು ಬಂದ ದಿನ ಪಾತ್ರೆ ಅರ್ಧಕ್ಕೆ ಬಿಡುತ್ತಾಳೆಯೇ? ಹಂಡೆ, ಕೊಡ, ಬಕೆಟ್ಟು, ಒಗ್ಗರಣೆ ಸೌಟೊಂದು ಬಿಟ್ಟು ಎಲ್ಲ ತುಂಬಿಸಿದೆ. ಎರಡೂ ತೊಟ್ಟಿ ತುಂಬಿಸಿದೆ. ಮೋಟಾರು ಹಾಕಿದ ಕೂಡಲೇ ಕೆಳಗಿನದು ಸ್ವಲ್ಪ ತಗ್ಗಿತು. ನಾನು ಬಿಡುತ್ತೇನೆಯೇ? ಮತ್ತೆ ಕಂಠಪೂರ್ತಿ ತುಂಬಿಸಿದೆ! ನೀರು ಇಳಿಯಿತು, ಹತ್ತಿತು. ಒಂದು ತೊಟ್ಟೂ ಸೋರಲಿಲ್ಲ.

ಕೈಲಾಸನನ್ನು ಕರೆಸಿದೆ. ಕಾಫಿ ಕೊಟ್ಟೆ. ಮಹಾರಾಣಿಯ ಹಾಗೆ ಕೂತೆ.

"ನೋಡಪ್ಪ, ಹೆಂಗಿದೆ?"

ಕರೆಂಟು ಹೋಯಿತು.

ಮೋಟಾರು ನಿಂತಿತು. ನೀರು ನಿಲ್ಲಲಿಲ್ಲ! ಮೇಲಿನದು ಗಳಗಳ ಇಳಿಯಿತು, ಕೆಳಗಿನದು ಉಕ್ಕಿತು. ನಡುಮನೆ ಕೆರೆಯಾಯಿತು. ಹೊಸಿಲ ಹೊರಗೆ ಬಿಟ್ಟಿದ್ದ ಕೈಲಾಸನ ಚಪ್ಪಲಿ ತೇಲಿಕೊಂಡು ಬೀದಿಗೆ ಹೊರಟಿತು. ಎದುರು ಮನೆಯ ಚೂಡಾಮಣಿ ಕೂಗಿದರು:

"ಹಂಸಮ್ಮಾ, ಕಾವೇರಿ ನಿಮ್ಮನೇಲೇ ಹುಟ್ಟೋದೇನ್ರೀ?"

ಕೈಲಾಸ ಪ್ಯಾಂಟು ಮಡಚಿಕೊಂಡು ಫೋನು ತೆಗೆದ.

"ಟೆಂಪೋಗಾ?"

"ಇನ್ನೇನ್ ಮತ್ತೆ, ಅತ್ತಿಗೆ?"

ಗಂಡ ಹೋದಾಗ ಜನರ ಮುಂದೆ ಅಳದವಳು ಆ ನೀರಿನಲ್ಲೇ ಕೂತು ಅತ್ತೆ. ತೊಟ್ಟಿ ಹೋದರೆ ಅವರು ಇನ್ನೊಂದು ಸಲ ಹೋದ ಹಾಗೆ. ಅಳುತ್ತ ಪೈಪನ್ನೇ ನೋಡಿದೆ. ಎಲ್ಲೂ ಒಡೆದಿಲ್ಲ. ಜಾರಿಲ್ಲ. ಆಗ ನನಗೆ ಹೊಳೆಯಿತು! ಮೋಟಾರು ನಿಂತರೆ ಮೇಲಿನ ನೀರು ಇಳಿಯಲೇಬೇಕು. ಇಳಿದ ನೀರಿಗೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ.

"ಕೈಲಾಸ, ಇದು ಸೋರಿಲ್ಲ ಕಣೋ. ನಾನೇ ಜಾಸ್ತಿ ತುಂಬಿಸಿದೀನಿ."

"ನೀರಿನ ವಿಷಯ ನಿಮಗೆ ಹೇಳ್ಬಾರ್ದಲ್ಲ!"

"ಹೇಳು, ಎಷ್ಟಾದ್ರೂ ಹೇಳು. ಮೊದ್ಲು ಬಕೆಟ್ ಹಿಡಿ."

ಕೆಳಗಿನ ತೊಟ್ಟಿಯನ್ನು ಅರ್ಧಕ್ಕೆ ಮೊಗೆದು ಚೆಲ್ಲಿದೆವು. ಕಾವೇರಿ ನೀರು ಚೆಲ್ಲುವಾಗ ಹೊಟ್ಟೆ ಉರಿಯಿತು. ಕರೆಂಟು ಬಂತು. ಮೋಟಾರು ಹಾಕಿದೆ, ಸ್ವಲ್ಪ ಹೊತ್ತು ಬಿಟ್ಟು ನಾನೇ ಆರಿಸಿದೆ. ಮೇಲಿನ ನೀರು ಇಳಿಯಿತು. ಕೆಳಗೆ ಏರಿತು, ಏರಿತು, ಅಂಚಿಗೆ ಒಂದು ಗೇಣು ಇರುವಾಗ ನಿಂತಿತು. ಕೈಲಾಸ ಫೋನು ಜೇಬಿಗೆ ಹಾಕಿಕೊಂಡ.

"ಅಣ್ಣ ಇದ್ದಿದ್ರೆ..." ಅಂದ. ಚಪ್ಪಲಿ ಹುಡುಕಲು ಬೀದಿಗೆ ಇಳಿದ. ನಾನು ನೆಲ ಒರೆಸತೊಡಗಿದೆ.

ಈಗ ತೊಟ್ಟಿಗೆ ಸಮುದ್ರದ ಉಪ್ಪು ಬಿದ್ದಿದೆ. ಕಲ್ಲಿನ ಮೇಲೆ ಹೆಸರುಕಾಳಿನಷ್ಟು ಹವಳ ಚಿಗುರಿದೆ. ಒಂದು ಕಿತ್ತಳೆ ಬಣ್ಣದ ಮೀನೂ ಇದೆ. ನೀರು ದಿನಾ ಒಂದಿಷ್ಟು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬೆಳಗ್ಗೆ ಪೂಜೆ ಮುಗಿಸಿ ಕೆಳಗಿನ ತೊಟ್ಟಿಗೆ ಒಂದು ಚೊಂಬು ಸಿಹಿನೀರು ಹಾಕುತ್ತೇನೆ. ಕೈ ತಾನಾಗಿ ಎರಡನೆಯ ಚೊಂಬಿಗೆ ಹೋಗುತ್ತದೆ. ತಡೆಯುತ್ತೇನೆ. ಆದರೂ ನಾನು ಚೊಂಬು ಹಿಡಿದು ಬಂದದ್ದು ಕಂಡರೆ ಸಾಕು, ಮೀನು ಕಲ್ಲಿನ ಹಿಂದೆ ಓಡಿಹೋಗುತ್ತದೆ. ಅದಕ್ಕೆ ನನ್ನ ಮೇಲೆ ಇನ್ನೂ ನಂಬಿಕೆ ಬಂದಿಲ್ಲ!