ಮೇಷ್ಟ್ರ ಕಾಗದಕ್ಕೆ ಎಂಟು ಮುದ್ರೆ

ಚರಂಡಿ ತೊಳೆಯುವ ಭಾನುವಾರದ ಸೂಚನೆಯನ್ನು ಕಿನುಯೊ ಆಸ್ಪತ್ರೆಯ ಮೇಜಿನ ಮೇಲೇ ಬರೆದಳಲ್ಲ, ಎಡವಟ್ಟಾಗಿದ್ದು ಅಲ್ಲೇ. ಓಣಿಯ ಎಂಟು ಮನೆಗಳಿಗೆ ಈ ತಿಂಗಳು ಅವಳೇ ಮುಖ್ಯಸ್ಥೆ. ಹೊಟ್ಟೆಪಾಡಿಗೆ ಡಾಕ್ಟರ್ ತೊಕಿತಾ ಅವರ ಹತ್ತಿರ ಗುಮಾಸ್ತೆ. ಸೂಚನೆಯ ಹಾಳೆಗಳನ್ನು ಸಿಕ್ಕಿಸಿದ ಸುತ್ತೋಲೆಯ ಹಲಗೆ ಮನೆಯಿಂದ ಮನೆಗೆ ಹೋಗಬೇಕು, ಓದಿದವರು ಪ್ರತಿ ಹಾಳೆಗೂ ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಬೇಕು. ಬೆಳಿಗ್ಗೆ ನಿದ್ದೆಗಣ್ಣಲ್ಲೇ ತನ್ನ ಮುದ್ರೆಗಳನ್ನು ಒತ್ತಿ ಪಕ್ಕದ ಮನೆಗೆ ದಾಟಿಸಿದ್ದಳು.

ಹನ್ನೊಂದು ಗಂಟೆಗೆ ಡಾಕ್ಟರು ಕೇಳಿದರು: "ಮಿನೊಬೆ ಮೇಷ್ಟ್ರ ಮೂಲವ್ಯಾಧಿ ಆಪರೇಷನ್ನಿಗೆ ಪಟ್ಟಣದ ಡಾಕ್ಟರಿಗೆ ಬರೆದ ಕಾಗದ ಎಲ್ಲಮ್ಮ?"

ಮೇಜಿನ ಮೇಲಿದ್ದ ಆ ಕಾಗದವನ್ನೂ ಸೂಚನೆಯ ಜೊತೆ ಹಲಗೆಗೆ ಸಿಕ್ಕಿಸಿಬಿಟ್ಟಿದ್ದು ಕಿನುಯೊಗೆ ಆಗ ಹೊಳೆಯಿತು. 'ರೋಗಿಯ ಗುಟ್ಟು ಹೊರಬಿದ್ದ ದಿನ ನಿನ್ನ ಕೆಲಸ ಹೋಯ್ತು' ಅಂತ ಸೇರಿದ ದಿನವೇ ಹೇಳಿದ್ದರು. ತಲೆನೋವೆಂದು ಹೇಳಿ ಓಡಿದಳು.

ಪಕ್ಕದ ಹಾನಾವಾ ಅಜ್ಜಿ ಗೆಣಸು ಬೇಯಿಸುತ್ತಿದ್ದಳು. "ಹಲಗೇನಾ? ಆಗ್ಲೇ ಮುಂದಕ್ಕೆ ಹೋಯ್ತಲ್ಲೇ. ನಾನೇನೂ ಓದ್ಲಿಲ್ಲಪ್ಪ. ಅಂದ ಹಾಗೆ, ಮೂಲವ್ಯಾಧಿಗೆ ಗೆಣಸು ಒಳ್ಳೇದಂತೆ, ಹೌದಾ?"

ತೋಫು ಅಂಗಡಿಯ ಗೊಂಜಿ ಇನ್ನೂ ನಯವಂತ. "ಯಾರ ವಿಷಯಾನೂ ನಾ ಮಾತಾಡಲ್ಲಕ್ಕ. ಪಾಪ, ಮೇಷ್ಟ್ರು ಕೂತ್ಕೊಳ್ಳೋದು ಹೆಂಗೆ?"

ಬೇರೆ ದಿನಗಳಲ್ಲಿ ಎಂಟು ಮನೆ ಸುತ್ತಲು ಹತ್ತು ದಿನ ತೆಗೆದುಕೊಳ್ಳುವ ಹಲಗೆ ಇವತ್ತು ಬುಲೆಟ್ ರೈಲಿನ ಹಾಗೆ ಓಡಿತ್ತು. ಮನೆಮನೆಯಲ್ಲೂ ಮಾತಿಗೆ ಸಿಕ್ಕಿ ಅವಳು ಏಳನೇ ಮನೆ ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ; ಅಲ್ಲೂ ಇಲ್ಲ. ಎಂಟನೆಯದು ಮೇಷ್ಟ್ರದೇ!

ಹೆಂಡತಿ ಹೋದ ಮೇಲೆ ಒಂಬತ್ತು ವರ್ಷದಿಂದ ಮುಚ್ಚಿಯೇ ಇರುತ್ತಿದ್ದ ಬಾಗಿಲು ಹಾರು ಹೊಡೆದಿತ್ತು. ಒಳಗೆ ಆರು ಮೆತ್ತನೆ ದಿಂಬು, ಹಬೆಯಾಡುವ ಗೆಣಸು, ಮಧ್ಯೆ ಮದುಮಗನ ಹಾಗೆ ಮೇಷ್ಟ್ರು.

ಕಿನುಯೊ ಹಣೆ ನೆಲಕ್ಕೆ ಮುಟ್ಟಿಸಿದಳು. "ಕ್ಷಮಿಸಿ ಮೇಷ್ಟ್ರೆ, ಆ ಕಾಗದ..."

"ಏಳಮ್ಮ, ಏಳು. ಓದಿದಾಗ ಮೈಯೆಲ್ಲ ಉರೀತು, ನಿಜ. ಅಷ್ಟರಲ್ಲಿ ಒಬ್ಬೊಬ್ಬರೇ ಬಂದ್ರು ನೋಡು! ಆಪರೇಷನ್ ದಿನ ಯಾರು ಜೊತೆಗೆ ಬರೋದು ಅಂತ ಜಗಳಾನೇ ಆಯ್ತು." ಮುದುಕನ ಕಣ್ಣು ತುಂಬಿತು. "ನಾನೂ ಮುದ್ರೆ ಒತ್ತಿದೆ. ಎಂಟನೇದು."

ಕಿನುಯೊಗೆ ಹೋದ ಜೀವ ಬಂತು. "ಹಾಗಾದ್ರೆ ಕಾಗದ ಕೊಡಿ ಮೇಷ್ಟ್ರೆ. ಡಾಕ್ಟರಿಗೆ ಗೊತ್ತಾಗೋದ್ರೊಳಗೆ..."

"ಅಯ್ಯೋ, ನಾನೇ ಕೊಟ್ಟು ಬಂದೆನಲ್ಲ! ಮೊದಲನೇ ಮುದ್ರೆ ನಿನ್ನದೇ ಅಂತ ಬೆರಳಿಟ್ಟು ತೋರಿಸಿದೆ. ಇಂಥ ಹುಡುಗಿ ಸಿಗಲ್ಲ ಅಂತ ಅರ್ಧ ಗಂಟೆ ಹೊಗಳಿದೆ."

"ಡಾಕ್ಟರು... ಏನಂದ್ರು?"

"ನಾಳೆಯಿಂದ ನೀನು ಮನೇಲೇ ಕೂತಿರ್ತೀಯಂತೆ." ಮೇಷ್ಟ್ರು ಹುಷಾರಾಗಿ ಎದ್ದು, ಇದ್ದುದರಲ್ಲೇ ದಪ್ಪನೆಯ ದಿಂಬನ್ನು ಆರಿಸಿ ಅವಳ ಕೈಗಿಟ್ಟರು. "ತಗೊಂಡು ಹೋಗಮ್ಮ. ಕೂತಿರೋ ಕಷ್ಟ ನನಗೆ ಗೊತ್ತು."