ತಿಪ್ಪೆಯ ಮೇಲೊಂದು ಟಬ್ಬು

ತಿಪ್ಪೆಯ ಪಕ್ಕ ಸುಮ್ಮನೆ ನಿಂತರೂ ಸಾಕು, ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನಿಲ್ಲುವುದೇ ನನ್ನ ಕೆಲಸ. ಕೂಡಿಟ್ಟ ಸಗಣಿಯಿಂದ ಹೊರಡುವ ಮೀಥೇನ್‌ನಂಥ ಅನಿಲಗಳು ಕಂಬಳಿಯಂತೆ ಭೂಮಿಯನ್ನು ಮುಚ್ಚಿ ಬಿಸಿ ಮಾಡುತ್ತವೆ. ಅವನ್ನು ಅಳೆಯಲು ತಿಪ್ಪೆಯ ಮೇಲೆ ಪ್ಲಾಸ್ಟಿಕ್ ಟಬ್ಬು ಬೋರಲು ಹಾಕಿ, ತಿಂಗಳಿಗೊಮ್ಮೆ ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಸೀಸೆಗೆ ತುಂಬಿ ಮೈಸೂರಿನ ಲ್ಯಾಬಿನ ಮೇಡಂಗೆ ಕೊಡಬೇಕು. ಜಿಲ್ಲೆಯ ನಾಲ್ಕು ತಾಲ್ಲೂಕು, ನಾಲ್ಕು ತಿಪ್ಪೆ. ದೀಪಾವಳಿಯವರೆಗೆ ಒಂದಾದರೂ ಕದಲದೆ ಉಳಿಯಬೇಕು. ಇಲ್ಲದಿದ್ದರೆ ಎಲ್ಲ ಮತ್ತೆ ಮೊದಲಿನಿಂದ.

ಕೋಟೆ

ಕಾಕನಕೋಟೆ ಕಡೆಯ ಮಂಜು ಇನ್ನೂ ಹೊಲದಲ್ಲೇ ಮಲಗಿತ್ತು. ತಿಪ್ಪೆ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ರಂಗೋಲಿ, ಅದರ ಮೇಲೆ ಒಂದು ಕುರ್ಚಿ.

"ತಿಪ್ಪೆ ಎಲ್ಲಿ ಯಜಮಾನ್ರೇ?"

"ಮೈಸೂರಿಂದ ನೀವು ಬತ್ತೀರಿ ಅಂತ ಎಲ್ಲ ಗದ್ದೆಗೆ ಸಾಗಿಸ್ಬುಟ್ಟೆ. ನೆಂಟ್ರನ್ನ ತಿಪ್ಪೆ ಮುಂದೆ ಕೂರ್ಸಕಾಯ್ತದಾ?"

ಹುಣಸೂರು

ಇಲ್ಲಿ ತಿಪ್ಪೆ ಇತ್ತು, ಟಬ್ಬು ಇರಲಿಲ್ಲ. ತಿಪ್ಪೆಯೊಡತಿಯ ಅಂಗಳದಲ್ಲಿ ಸಿಕ್ಕಿತು. ಒಳಗಿಂದ ಚಿಂವ್ ಚಿಂವ್.

"ನನ್ನ ಟಬ್ಬಲ್ವಾ ಅಕ್ಕಾ ಇದು?"

"ಊಂ ಕಣವ್ವ. ಒಳಗಿರೋ ಗ್ಯಾಸು ಕಂಬ್ಳಿ ಇದ್ದಂಗೆ ಅಂತ ನೀನೇ ಯೋಳ್ದಲ್ಲ. ಕೋಳಿಮರಿಗೆ ಚಳಿಯಾಯ್ತಿತ್ತು."

ಪಿರಿಯಾಪಟ್ಟಣ

ಹಾರನಹಳ್ಳಿ ಕಡೆಯ ಒಬ್ಬ ರೈತರಿಗೆ, ಹುಣಸೂರಿನ ತಿಪ್ಪೆಯಲ್ಲಿ ಅನಿಲ ಹೆಚ್ಚು ಎಂದು ಬಾಯಿತಪ್ಪಿ ಹೇಳಿದ್ದೆ. ಮುಂದಿನ ತಿಂಗಳು ಅವರ ತಿಪ್ಪೆ ಗುಡ್ಡವಾಗಿತ್ತು. ನನ್ನ ಟಬ್ಬು ಅದರ ತಳದಲ್ಲೆಲ್ಲೋ ಇತ್ತು.

"ಈಗ ನೋಡಿ! ಹುಣಸೂರ್‌ನೋರು ಹತ್ರಕ್ಕೂ ಬರಾಕಿಲ್ಲ."

"ಅಣ್ಣಾ, ಗ್ಯಾಸು ಕಡಿಮೆ ಇದ್ರೇ ಒಳ್ಳೇದು."

ಅವರು ತಲೆಯ ಮೇಲೆ ಕೈ ಹೊತ್ತರು. "ಮೊದ್ಲೇ ಯೋಳಬಾರ್ದಾ? ಬೀಗರ ಮನೆ ಸಗಣಿ ಕಣ್ರೀ, ಕಾಡಿ ಬೇಡಿ ತಂದಿವ್ನಿ!"

ಕೆ.ಆರ್. ನಗರ

ಉಳಿದದ್ದು ಒಂದೇ. ಅದನ್ನು ಕಾಯುತ್ತಿದ್ದ ಅಜ್ಜಿ ಕೋಳಿಯನ್ನೂ ಹತ್ತಿರ ಬಿಡುತ್ತಿರಲಿಲ್ಲ.

ದೀಪಾವಳಿಯ ಮಾರನೆಯ ಬೆಳಿಗ್ಗೆ ಕೊನೆಯ ಸೀಸೆ ತುಂಬಲು ಹೋದೆ. ತಿಪ್ಪೆಯಿಂದ ತೆಳ್ಳಗೆ ಹಬೆ ಏಳುತ್ತಿತ್ತು, ನಿದ್ದೆಯಲ್ಲಿ ಯಾರೋ ಉಸಿರಾಡುತ್ತಿರುವಂತೆ. ಟಬ್ಬಿಗೆ ಚೆಂಡುಹೂವಿನ ಹಾರ. ಸಗಣಿಯ ವಾಸನೆಯೂ ಆ ಹೊತ್ತು ಹಿತವಾಗಿತ್ತು. ಗಾಳಿ ಎಳೆದೆ, ಸೀಸೆ ಮುಚ್ಚಿದೆ, ಗೆದ್ದೆ ಅಂದುಕೊಂಡೆ. ಟಬ್ಬು ಎತ್ತಿದೆ.

ಒಳಗೊಂದು ಮಣ್ಣಿನ ಹಣತೆ. ಬತ್ತಿ ಕಪ್ಪಾಗಿತ್ತು.

"ಹಬ್ಬದ್ ದಿನ ತಿಪ್ಪಮ್ಮಂಗೆ ದೀಪ ಇಡ್ದೆ ಇರಾಕಾಯ್ತದಾ? ಗಾಳಿಗೆ ನಿಲ್ತಿರ್ಲಿಲ್ಲ. ಟಬ್ಬು ಎತ್ತಿ ಒಳಗಿಟ್ಟೆ."

"ಆರಿಹೋಗಿದೆಯಲ್ಲ ಅಜ್ಜೀ."

"ಎಲ್ಲೋಯ್ತದೆ ಬುಡು. ನಿನ್ನ ಸೀಸೆ ಒಳಗೈತೆ."

ಎರಡು ದಿನದ ಮೇಲೆ ಲ್ಯಾಬಿನಿಂದ ಮೇಡಂ ಫೋನ್ ಮಾಡಿದರು. "ಕೊನೆಯ ಸೀಸೆಯಲ್ಲಿ ಇಂಗಾಲದ ಡೈಆಕ್ಸೈಡ್ ವಿಪರೀತ. ಏನಿತ್ತು ಒಳಗೆ?"

"ದೀಪ, ಮೇಡಂ."

ಎಲ್ಲ ಮತ್ತೆ ಮೊದಲಿನಿಂದ ಎಂದು ಅವರು ಬರೆದುಕೊಂಡರು. ಆಮೇಲೆ, "ಮುಂದಿನ ವರ್ಷವೂ ತಿಪ್ಪೆ ಕೊಡ್ತಾರಾ, ಕೇಳು," ಅಂದರು.

ಕೇಳಿದೆ.

"ಓ, ಬಾರವ್ವ," ಅಂದರು ಅಜ್ಜಿ. "ಆದ್ರೆ ಬರೋ ಸಲ ದೊಡ್ಡ ಟಬ್ಬು ತಕಂಬಾ. ದೀಪ ಬೆಳಗಾಗೋಗಂಟ ಉರೀಲಿ."